ಗುಡ್ಡಕ್ಕೊಂದು ದೃಷ್ಟಿ ಬೊಟ್ಟು

ಹೋದ ವರ್ಷ ಸಂಕ್ರಾಂತಿಯ ದಿನ ನನ್ನ ಗಂಡ, ತಾವು ಗುಂಡುಕಲ್ಲಿನಂತೆ ಬದುಕಿರುವಾಗಲೇ, ನನಗೆ ಬಿಳಿ ಸೀರೆ ಉಡಿಸಿ ಹಣೆಯ ಕುಂಕುಮ ಅಳಿಸಿಬಿಟ್ಟರು. ಕೈಯಿಂದಲ್ಲ, ಕ್ಯಾಮೆರಾದಿಂದ.

ನಮ್ಮವರ ಹೆಸರು ಶಂಭುಲಿಂಗ. ವಿಮಾ ಕಂಪನಿಯಿಂದ ನಿವೃತ್ತರಾದ ಮೇಲೆ ಜನ ಕೈತೋಟ ಮಾಡುತ್ತಾರೆ, ಭಜನೆಗೆ ಹೋಗುತ್ತಾರೆ. ಇವರು ಪ್ರತಿ ಭಾನುವಾರ ಮೀಸೆಗೂ ತಲೆಗೂ ಕಪ್ಪು ಬಣ್ಣ ಹಚ್ಚಿಕೊಂಡು, ಹಳೆಯ ಕ್ಯಾಮೆರಾವೊಂದನ್ನು ಕೊರಳಿಗೆ ಹಾಕಿಕೊಂಡು, ಧಾರವಾಡದ ಸುತ್ತಲಿನ ಗುಡ್ಡ, ಕೆರೆ, ಬಯಲು ತಿರುಗುತ್ತಾರೆ. ಅದೂ ಸುಡು ಮಧ್ಯಾಹ್ನದಲ್ಲಿ. ಬೇರೆಯವರು ಫೋಟೋಕ್ಕೆಂದು ಬೆಳಗಿನ ಎಳೆಬಿಸಿಲು ಕಾಯುತ್ತಾರೆ. ಇವರ ಕ್ಯಾಮೆರಾಕ್ಕೆ ನೆತ್ತಿ ಸುಡುವ ಬಿಸಿಲೇ ಬೇಕು.

ಎಲ್ಲ ಡಿಜಿಟಲ್ ಕ್ಯಾಮೆರಾಗಳ ಹೊಟ್ಟೆಯಲ್ಲೂ, ಬೆಳಕು ಹಿಡಿಯುವ ಚಿಪ್‌ನ ಮುಂದೆ, ಒಂದು ತೆಳು ಗಾಜು ಇರುತ್ತದೆ. ಮನುಷ್ಯರ ಕಣ್ಣಿಗೆ ಕಾಣದ ಬೆಳಕನ್ನು ಒಳಗೆ ಬಿಡದಿರುವುದು ಅದರ ಕೆಲಸ. ಇವರು ಹುಬ್ಬಳ್ಳಿಯ ರಿಪೇರಿಯವನೊಬ್ಬನ ಬಳಿ ಆ ಗಾಜನ್ನು ಕೀಳಿಸಿ, ಎಲ್ಲ ಬೆಳಕನ್ನೂ ಬಿಡುವ ಗಾಜು ಕೂರಿಸಿಕೊಂಡು ಬಂದರು. ಲೆನ್ಸಿನ ಮೇಲೆ ಮತ್ತೊಂದು ಕರಿ ಗಾಜು. ಕಾಣುವ ಬೆಳಕೆಲ್ಲ ಅದರಲ್ಲೇ ನಿಂತು, ಕೆಂಪಿನಾಚೆಯ ಅವಕೆಂಪು, ಅಂದರೆ ಇನ್‌ಫ್ರಾರೆಡ್, ಮಾತ್ರ ಒಳಗೆ ಹೋಗುತ್ತದೆ. ಆ ಬೆಳಕಿನಲ್ಲಿ ಆಕಾಶ ಕಪ್ಪು, ನೀರು ಇನ್ನೂ ಕಪ್ಪು, ಗಿಡಮರಗಳೆಲ್ಲ ಬೆಳ್ಳಗೆ. ಮೊದಲ ಫೋಟೋ ನೋಡಿದಾಗ ನಾನು, "ಇದೇನ್ರೀ, ಹುಣಸೀಗಿಡಕ್ಕ ಸುಣ್ಣಾ ಬಳದೀರಿ?" ಎಂದು ಚೇಷ್ಟೆ ಮಾಡಿದ್ದೆ.

ಆ ಸಂಕ್ರಾಂತಿಗೆ ನಾವು ಮಲಪ್ರಭೆಯ ದಂಡೆಗೆ ಹೋಗಿದ್ದೆವು. ಸ್ನಾನ ಆಯಿತು, ಸಜ್ಜೆ ರೊಟ್ಟಿ, ಮಾದಲಿಯ ಊಟ ಆಯಿತು. ನಾನು ನಮ್ಮ ಕಡೆಯ ಸಂಕ್ರಾಂತಿಯ ವಾಡಿಕೆಯಂತೆ ಹಬ್ಬಕ್ಕೆಂದು ಕೊಂಡ ಕರಿ ಸೀರೆ ಉಟ್ಟು, ಇವರ ತಂಗಿಯ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಇವರು ದೂರ ನಿಂತು ನದಿ, ಮರ, ಮೋಡ ಎಲ್ಲ ಸೇರಿಸಿ ಕ್ಲಿಕ್ಕಿಸಿದರು. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಹಿಮ ಬಿದ್ದಂಥ ಮರಗಳು, ಮಸಿಯಂಥ ನದಿ, ನಡುವೆ ಬಿಳಿ ಸೀರೆ ಉಟ್ಟು ಬೋಳು ಹಣೆಯಲ್ಲಿ ಕುಳಿತ ನಾನು.

"ಅಳಸ್ರಿ ಅದನ್ನ," ಎಂದೆ.

"ಯಾಕ? ಎಷ್ಟ ಚಂದ ಬಂದೈತಿ. ಗಿಡ ನೋಡು."

"ಗಿಡ ನೋಡಾಕ ಹೋಗಿ ಹೆಂಡ್ತಿನ್ನ ಏನ್ ಮಾಡೀರಿ, ಅದನ್ನೂ ಒಂದೀಟ ನೋಡ್ರಿ."

ನೋಡಿದರು. ನಗು ನಿಂತಿತು. "ಅಳಸ್ತೀನಿ ಮಾರಾಯ್ತಿ," ಎಂದು ಕಂಪ್ಯೂಟರ್ ಮುಚ್ಚಿದರು.

ನಾನು ಓದಿದ್ದು ಭೌತಶಾಸ್ತ್ರ. ಕೆಲಸ ಮಾಡುವುದು ವನಸಾಕ್ಷಿ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ. ಇಪ್ಪತ್ತು ವರ್ಷದಿಂದ ಅವಕೆಂಪು ಚಿತ್ರಗಳನ್ನೇ ನೋಡಿ ಕನ್ನಡಕದ ನಂಬರ್ ಏರಿಸಿಕೊಂಡವಳು. ಕುಂಕುಮ ಯಾಕೆ ಕಾಣಲಿಲ್ಲ ಎಂಬುದನ್ನು ಮಕ್ಕಳಿಗೆ ಪಾಠ ಮಾಡಬಲ್ಲೆ. ಆದರೂ ಆ ಚಿತ್ರ ನೋಡಿ ನನಗೆ ಭಯವಾಯಿತು, ಸಿಟ್ಟೂ ಬಂತು. ಎರಡು ದಿನ ಇವರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಇವರು ಅದನ್ನೇ ಕುಡಿದರು.

ವನಸಾಕ್ಷಿಯ ವಿಷಯ ಈಗ ಹೇಳಬೇಕು. ಒಂದು ಕಾಲದಲ್ಲಿ ಕಾಡು ಎಲ್ಲಿದೆ, ಎಷ್ಟಿದೆ ಎಂದು ಮನುಷ್ಯರು ಹೇಳುತ್ತಿದ್ದರು. ಫೋಟೋ ತೆಗೆಸಿಕೊಳ್ಳಲು ಸಸಿ ನೆಟ್ಟು ಮರುದಿನ ಮರೆಯುವುದು, ಬಂಡೆಗೆ ಹಸಿರು ಪೇಂಟ್ ಬಳಿದು ಗುಡ್ಡ ಚಿಗುರಿದೆ ಎನ್ನುವುದು, ಇವೆಲ್ಲ ನಡೆದು ಸಾಕಾಗಿ ಹೊಸ ಕಾಯ್ದೆ ಬಂತು. ಇನ್ನು ಮುಂದೆ ಆಕಾಶದಲ್ಲಿ ಸುತ್ತುವ ವನಸಾಕ್ಷಿ ಎಂಬ ಉಪಗ್ರಹ ಹೇಳಿದ್ದೇ ಕಾಡು. ದಿನವೂ ಮುಂಜಾನೆ ಹತ್ತರ ಸುಮಾರಿಗೆ ಅದು ನಮ್ಮ ನೆತ್ತಿಯ ಮೇಲೆ ಹಾಯುತ್ತದೆ. ಜೀವಂತ ಎಲೆ ಕೆಂಪು ಬೆಳಕನ್ನು ನುಂಗಿ ಅವಕೆಂಪನ್ನು ವಾಪಸ್ ಎಸೆಯುತ್ತದೆ. ಹಸಿರು ಪೇಂಟಿಗೆ ಆ ವಿದ್ಯೆ ಗೊತ್ತಿಲ್ಲ. ಎರಡು ಬೆಳಕನ್ನೂ ತೂಗಿ ವನಸಾಕ್ಷಿ ತೀರ್ಪು ಕೊಡುತ್ತದೆ. ಕಾಡು ಎಂದರೆ ಆ ಜಾಗದಿಂದ ಒಂದು ಕಡ್ಡಿಯನ್ನೂ ಹೊರಗೆ ತರುವಂತಿಲ್ಲ. ಕಾಡು ಕಡಿಮೆಯಾದರೆ ಊರಿನ ನೀರಿನ ಪಾಲು ಅರ್ಧ. ನಡುವೆ ಮನುಷ್ಯರು ಬಾಯಿ ಹಾಕುವಂತಿಲ್ಲ. ಬೆಂಕಿ ಬಿದ್ದಾಗ ಮಾತ್ರ ಕೇಂದ್ರದ ನಿರ್ದೇಶಕರು ಖುದ್ದಾಗಿ ಹೋಗಿ ಕಣ್ಣಾರೆ ನೋಡಬೇಕು, ಅವರು ಕಂಡದ್ದೇ ಅಂತಿಮ. ಬೆಂಕಿಯ ವಿಷಯದಲ್ಲಿ ಮಾತ್ರ ಕಾಯ್ದೆಗೂ ಯಂತ್ರದ ಮೇಲೆ ಪೂರ್ತಿ ಭರವಸೆ ಇರಲಿಲ್ಲ.

ಈ ಸಲ ಪುಷ್ಯಮಾಸ ಹುಟ್ಟುತ್ತಿದ್ದಂತೆ ನೂಲಗೇರಿಯ ಗುಡ್ಡದಲ್ಲಿ ಕಾಡು ಕಾಣಿಸಿತು.

ನೂಲಗೇರಿ ಬಾಗಲಕೋಟೆಯ ಕಡೆಯ ನೇಕಾರರ ಊರು. ಗುಡ್ಡ ಬರೀ ಕೆಂಪು ಬಂಡೆ. ಹೋದ ವರ್ಷವೂ ಇದೇ ಕಾಲಕ್ಕೆ ಅಲ್ಲೇನೋ ಮಸುಕಾಗಿ ಚಿಗುರಿ ಮಾಯವಾಗಿತ್ತು. ಈ ಸಲ ದಟ್ಟವಾಗಿ ಬಂತು. ಸುತ್ತಲಿನ ಗಿಡಗಳೆಲ್ಲ ಎಲೆ ಉದುರಿಸುವ ಚಳಿಗಾಲದಲ್ಲಿ ಇದು ಮಾತ್ರ ತುಂಬಿ ನಿಂತಿತ್ತು. ನಮ್ಮ ನಿರ್ದೇಶಕ ಡಾಕ್ಟರ್ ಪ್ರಹ್ಲಾದ ಜಂಬಗಿಯವರು ಪರದೆಯ ಮುಂದೆ ನಿಂತು ಕಣ್ಣು ಒರೆಸಿಕೊಂಡರು.

"ನೀಲಾಂಬಿಕಾ ಅವರ, ಇದು ಚಳಿಗಾಲದಾಗ ಚಿಗಿಯೋ ಹೊಸಾ ಜಾತಿ ಅದ. ನಾ ಇದಕ್ಕ ಪುಷ್ಯವನ ಅಂತ ಹೆಸರಿಟ್ಟೀನಿ."

"ಯಾರರ ಹೋಗಿ ನೋಡಿ ಬರಬೇಕಲ್ರೀ ಸರ್," ಎಂದೆ.

"ಮನುಷ್ಯಾರು ಹೋಗಿ ನೋಡಿದ್ದಕ್ಕ ಕಾಯ್ದೆದಾಗ ಕಿಮ್ಮತ್ತಿಲ್ಲ. ವನಸಾಕ್ಷಿ ಅಂದದ, ಮುಗೀತು."

ಮುಗಿಯಿತು. ಅವತ್ತೇ ಯಂತ್ರದಿಂದ ಊರಿಗೆ ಸೂಚನೆ ಹೋಯಿತು: ಗುಡ್ಡ ಕಾಡಾಗಿದೆ, ಒಳಗಿನದನ್ನು ಹೊರಗೆ ತರಬೇಡಿ. ಮರುದಿನದಿಂದ ಕಾಡು ಇನ್ನೂ ಗಟ್ಟಿಯಾಯಿತು. ಒಂದು ಎಲೆಯೂ ಉದುರಲಿಲ್ಲ. ಹೀಗೇ ಮತ್ತೊಂದು ವಾರ ಕಂಡರೆ ಗುಡ್ಡ ಶಾಶ್ವತ ಅರಣ್ಯವಾಗುತ್ತಿತ್ತು.

ಮೂರನೆಯ ದಿನ ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಆಚೆಯ ವಯಸ್ಸು, ಎರಡೂ ಕೈ ಮೊಣಕೈಯವರೆಗೆ ಕಪ್ಪು. ಹೆಸರು ಗುರುಬಸವ್ವ ನೀಲಗಾರ, ನೂಲಿಗೆ ಬಣ್ಣ ಹಾಕುವ ಮನೆತನ.

"ಅಕ್ಕಾರ, ನಮ್ಮ ನೂಲು ಗುಡ್ಡದಾಗ ಸಿಕ್ಕೊಂಡೈತ್ರಿ. ತಗೊಳ್ಳಾಕ ಪರವಾನಗಿ ಕೊಡ್ರಿ."

"ಕಾಡಿನ್ಯಾಗ ಯಾಕ ಇಟ್ಟಿದ್ರಿ ನೂಲು?"

"ಎಲ್ಲಿ ಕಾಡು? ನಮ್ಮಜ್ಜನ ಕಾಲದಿಂದ ಆ ಬಂಡಿಗಲ್ಲ ಮ್ಯಾಲ ಬಿದರ ಗಳ ನೆಟ್ಟು, ಸುತ್ತಿದ ನೂಲಿನ ಲಡಿ ತೂಗಹಾಕಿ ಒಣಗಸ್ತೀವಿ. ಮುಂಜಾನಿ ಹಾಕಿ ಸಂಜೀಕ ತಗೀತಿದ್ವಿ. ಅವತ್ತ ಹಾಕಿದ್ವಿ, ಸಂಜೀಕ ತಗಿಯೂದ್ರಾಗ ನಿಮ್ಮ ಸೂಚನಾ ಬಂತು. ಈಗ ಒಂದ ಲಡಿ ಮುಟ್ಟಿದ್ರ ಊರ ಮಂದಿ ಕೈ ಹಿಡೀತಾರ. ನೀರು ಅರ್ಧ ಆಗ್ತೈತಿ, ಬ್ಯಾಡಬೇ ಅಂತಾರ. ಅವರದೂ ಖರೇನ."

ಸಂಕ್ರಾಂತಿಗೆ ಕರಿ ಸೀರೆ ಉಡುವ ಊರುಗಳಿಗೆಲ್ಲ ಹೋಗುವುದು ನೂಲಗೇರಿಯ ಕರಿ ನೂಲು. ಈಗ ಉಡುವವರು ಹೆಚ್ಚಾಗಿ, ಈ ಸಲ ಇಡೀ ಗುಡ್ಡಕ್ಕೆ ಗಳ ನೆಟ್ಟಿದ್ದರಂತೆ. ನೂಲು ಹಗಲು ಬಿಸಿಲು, ರಾತ್ರಿ ಇಬ್ಬನಿ ತಿನ್ನುತ್ತ ನಿಂತಿದೆ. ಇನ್ನೊಂದು ವಾರಕ್ಕೆ ಕಪ್ಪು ಕಂದಾಗುತ್ತದೆ. ನೂಲು ಹೋದರೆ ಈ ಹಬ್ಬ ಹೋಗುತ್ತದೆ, ಗುಡ್ಡ ಹೋದರೆ ಕಸುಬೇ ಹೋಗುತ್ತದೆ. "ಹಿತ್ತಲದಾಗ ಒಣಗಸಾಕ ನಮಗ ಹಿತ್ತಲ ಎಲ್ಲೈತ್ರಿ," ಎಂದಳು.

ನಾನು ಯಂತ್ರದ ಅನುಮತಿ ಪುಟ ತೆರೆದೆ. ಅದು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಮರ ಕಡಿಯುವಿರಿ? ಗುರುಬಸವ್ವನಿಗೆ ಓದಿ ಹೇಳಿದೆ.

"ಗಿಡಾನ ಇಲ್ಲ ಅಂತ ಬರೀರಿ."

ಬರೆದೆ. ಮರ ಕಡಿಯದಿದ್ದರೆ ಅನುಮತಿಯ ಅಗತ್ಯವಿಲ್ಲ ಎಂದಿತು. ಹಾಗಾದರೆ ನೂಲು ತೆಗೆಯಬಹುದೇ ಎಂದರೆ, ಕಾಡು ಕಡಿಮೆಯಾದರೆ ನೀರಿನ ಪಾಲು ಅರ್ಧ ಎಂದಿತು. ನಾನು ಪುಟ ಮುಚ್ಚಿದೆ.

ನಿಜ ಹೇಳಬೇಕೆಂದರೆ ಆಗಲೂ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಬಂಡೆಯ ಮೇಲೆ ನೂಲೂ ಇರಬಹುದು, ಪಕ್ಕದಲ್ಲಿ ಪೊದೆಯೂ ಇರಬಹುದು. ಕರಿ ನೂಲು ಕಾಡಿನಂತೆ ಹೊಳೆಯಲಿಕ್ಕೆ ಹೇಗೆ ಸಾಧ್ಯ ಎಂದುಕೊಂಡೆ. ಊಟದ ಹೊತ್ತಾಗಿತ್ತು, ಹೆಂಗಸು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮನೆಗೆ ಕರೆದುಕೊಂಡು ಹೋದೆ.

ರೊಟ್ಟಿ, ಬದನೆಕಾಯಿ ಪಲ್ಯ ಉಣ್ಣುತ್ತ ಗುರುಬಸವ್ವ ಇದನ್ನೆಲ್ಲ ಇನ್ನೊಮ್ಮೆ ಹೇಳಿದಳು. ಇವರು ಕೇಳಿ ಕೇಳಿ, "ನಿಮ್ಮ ಯಂತ್ರ ನೋಡೂದು ನನ್ನ ಕ್ಯಾಮೆರಾ ನೋಡೋ ಬೆಳಕನ್ನ ಅಲ್ಲೇನು? ಯವ್ವಾ, ನೂಲಿನ ಲಡಿ ತಂದೀರೇನು?" ಎಂದರು.

ಚೀಲದಲ್ಲಿ ಒಂದಿತ್ತು, ಕಾಡಿಗೆಯಷ್ಟು ಕಪ್ಪು. ಅಂಗಳದ ಬಿಸಿಲಿನಲ್ಲಿ ಅದನ್ನು ಗುರುಬಸವ್ವನ ಕೈಯಲ್ಲಿ ಹಿಡಿಸಿ, ತುಳಸಿ ಗಿಡದ ಪಕ್ಕ ನಿಲ್ಲಿಸಿ ಇವರು ಕ್ಲಿಕ್ಕಿಸಿದರು. ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಮೂವರೂ ಬಗ್ಗಿದೆವು.

ತುಳಸಿಯೂ ಬಿಳಿ, ನೂಲೂ ಬಿಳಿ. ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಗುರುಬಸವ್ವ ನೂಲು ನೋಡಲೇ ಇಲ್ಲ. ತನ್ನ ಕೈ ನೋಡುತ್ತಿದ್ದಳು. ಮೊಣಕೈಯವರೆಗಿನ ಕಪ್ಪೆಲ್ಲ ಹೋಗಿ, ಈಗಷ್ಟೇ ತೊಳೆದಂಥ ಎರಡು ಕೈ.

"ಇವು ನನ್ನ ಕೈ ಏನ್ರೀ?" ಎಂದಳು. "ಲಗ್ನ ಆದಾಗಿಂದ ನೋಡಿದ್ದಿಲ್ಲ." ಮತ್ತೆ ಸಣ್ಣಗೆ ನಕ್ಕು, "ನಮ್ಮವ್ವನ ಕೈ ಇದ್ದಂಗ ಅದಾವು," ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಅದರ ಹಿಂದೆಯೇ ಬೇರೊಂದು ನೆನಪಾಯಿತು. ಕರಿ ಬಣ್ಣ ಕಾಣುವ ಬೆಳಕನ್ನಷ್ಟೇ ನುಂಗುತ್ತದೆ, ಅವಕೆಂಪನ್ನು ನೂಲು ಹಾಗೆಯೇ ಹಿಂದಕ್ಕೆ ಎಸೆಯುತ್ತದೆ. ಎಲೆ ಮಾಡುವುದೂ ಇಷ್ಟೇ ಅಲ್ಲವೇ. ನನ್ನ ಕರಿ ಸೀರೆ ಒಂದು ವರ್ಷದ ಹಿಂದೆಯೇ ಇದನ್ನು ನನಗೆ ಹೇಳಿತ್ತು, ನಾನು ಬಾಯಿ ಮುಚ್ಚಿಸಿದ್ದೆ.

"ಆ ಸಂಕ್ರಾಂತಿ ಫೋಟೋ ಅಳಿಸಿದ್ರೇನು?" ಎಂದು ಕೇಳಿದೆ.

ಇವರು ತೊದಲಿದರು. "ಅಳಿಸಿದ್ದೆ… ಅಂದ್ರ, ಅಳಸಬೇಕಂತ ಮಾಡಿದ್ದೆ."

"ತಗೀರಿ."

ವಿಮಾ ಪಾಲಿಸಿ ಎಂಬ ಫೋಲ್ಡರಿನೊಳಗಿಂದ ನಾನು ಹೊರಗೆ ಬಂದೆ, ಅದೇ ಬಿಳಿ ಸೀರೆ, ಅದೇ ಬೋಳು ಹಣೆ. ಗುರುಬಸವ್ವ ಹತ್ತಿರ ಬಂದು ನೋಡಿದಳು. ಅಯ್ಯೋ ಎನ್ನುತ್ತಾಳೆಂದು ಕಾದೆ. ಅವಳು ಬೆರಳಿಟ್ಟಿದ್ದು ನನ್ನ ತೊಡೆಯ ಮೇಲಿನ ಕೂಸಿನ ಮೇಲೆ.

"ಎಲ್ಲಾ ಬೆಳ್ಳಗಾಗೇತಿ, ಕುಂಕುಮ ಹೋಗೇತಿ, ಈ ಕೂಸಿನ ಗಲ್ಲದ ಮ್ಯಾಲಿನ ದೃಷ್ಟಿ ಬೊಟ್ಟು ಮಾತ್ರ ಕರ್ರಗ ಹಂಗ ಐತೆಲ್ರೀ."

ಹೌದು. ಬೊಟ್ಟು ಇಟ್ಟಿದ್ದು ದೀಪದ ಕಾಡಿಗೆಯಿಂದ. ಕಾಡಿಗೆಯೆಂದರೆ ಬರೀ ಮಸಿ, ಮಸಿ ಯಾವ ಬೆಳಕನ್ನೂ ವಾಪಸ್ ಕೊಡುವುದಿಲ್ಲ. ನೂಲಿನ ಕಪ್ಪು ನಮ್ಮ ಕಣ್ಣಿಗಷ್ಟೇ ಕಪ್ಪು; ಮಸಿ ಎಲ್ಲರ ಕಣ್ಣಿಗೂ ಕಪ್ಪು.

ಮರುದಿನ ಎರಡೂ ಫೋಟೋಗಳನ್ನು ಜಂಬಗಿಯವರ ಮೇಜಿನ ಮೇಲಿಟ್ಟೆ. ಒಂದು ವರ್ಷ ಮುಚ್ಚಿಟ್ಟ ಚಿತ್ರವನ್ನು ಪರಗಂಡಸಿನ ಮುಂದೆ ಇಡುವಾಗ ನಾಚಿಕೆಯಾಯಿತು, ಆದರೂ ಇಟ್ಟೆ. ಅವರು ಬಹಳ ಹೊತ್ತು ನೋಡಿದರು.

"ನಿಮ್ಮ ಯಜಮಾನರ ಫೋಟೋ ಭಾಳ ಛಂದ ಅವ. ಆದ್ರ ಮನುಷ್ಯಾ ತಗದ ಫೋಟೋ ಸಾಕ್ಷಿ ಆಗೂದಿಲ್ಲ. ಮನುಷ್ಯಾರು ಸುಳ್ಳು ಹೇಳತಾರಂತನ ಈ ಯಂತ್ರಾ ತಂದದ್ದು."

"ನೀವು ಒಮ್ಮೆ ಹೋಗಿ ನೋಡ್ರಲ್ಲ ಸರ್."

"ಬೆಂಕಿ ಬಿದ್ರ ಮಾತ್ರ ನಾ ಹೋಗಬಹುದು. ಇಲ್ಲಂದ್ರ ಅದು ಹಸ್ತಕ್ಷೇಪ." ಅವರ ಕಣ್ಣಿನಲ್ಲಿ ಸುಳ್ಳಿರಲಿಲ್ಲ. ಪುಷ್ಯವನದ ಮೇಲಿನ ಆಸೆ ಮಾತ್ರ ಇತ್ತು.

ಗುರುಬಸವ್ವ ರಾತ್ರಿ ನಮ್ಮಲ್ಲೇ ಉಳಿದಿದ್ದಳು. ನಾನು ಮನೆಗೆ ಬಂದು ಹೇಳಿದ್ದಕ್ಕೆ ನಿಟ್ಟುಸಿರು ಬಿಟ್ಟಳು. "ನಮ್ಮ ಗುಡ್ಡಕ್ಕ ನಿಮ್ಮ ಯಂತ್ರದ ದೃಷ್ಟಿ ತಾಗೇತ್ರಿ ಅಕ್ಕಾರ. ಕೂಸಿಗಾದ್ರ ಬೊಟ್ಟ ಇಡಬಹುದಿತ್ತು, ಗುಡ್ಡಕ್ಕ ಏನ್ ಮಾಡೂದು."

ಇವರ ಕೈಯಲ್ಲಿದ್ದ ಚಹಾದ ಬಟ್ಟಲು ಅಲ್ಲೇ ನಿಂತಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಇಬ್ಬರಿಗೂ ಒಂದೇ ಹೊತ್ತಿಗೆ ಒಂದೇ ಬುದ್ಧಿ ಬಂದದ್ದು ಅದೇ ಮೊದಲು.

"ನಿಮ್ಮ ಬಣ್ಣದ ಒಲಿ ಚಿಮಣಿಯೊಳಗ ಮಸಿ ಎಷ್ಟೈತಿ?" ಎಂದು ನಾನು ಕೇಳಿದೆ.

"ಅದಕ್ಕೇನ ಬರಗಾಲ? ವರ್ಷಾನುಗಟ್ಟಲೆ ಕೆರೆದಿಲ್ಲ."

ಕಾಡಿನಿಂದ ಏನೂ ಹೊರಗೆ ತರಬಾರದು ಎಂದು ಕಾಯ್ದೆ ಹೇಳುತ್ತದೆ. ಒಳಗೆ ಏನೂ ಒಯ್ಯಬಾರದು ಎಂದು ಎಲ್ಲೂ ಹೇಳಿಲ್ಲ. ಊರಿನ ನೀರಿಗೂ ಇದರಿಂದ ಧಕ್ಕೆಯಿಲ್ಲ, ಒಂದು ಲಡಿಯೂ ಅಲುಗುವುದಿಲ್ಲ. ಗುರುಬಸವ್ವ ಮಧ್ಯಾಹ್ನದ ಬಸ್ಸಿಗೆ ಹೋದಳು. ಮರುದಿನ ಬೆಳಕು ಹರಿಯುತ್ತಲೇ ನೂಲಗೇರಿಯ ಹೆಂಗಸರು ಬುಟ್ಟಿಗಟ್ಟಲೆ ಮಸಿಯನ್ನು ಗಂಜಿಯಲ್ಲಿ ಕಲಸಿ, ಸಾಲು ಗಳಗಳ ನಡುವಿನ ಬರಿ ಬಂಡೆಗೆ ದುಂಡಗೆ ಬಳಿದರಂತೆ. ರಾಶಿ ಮಾಡುವ ಕಣದಷ್ಟು ಅಗಲದ ಬೊಟ್ಟು. ಬೆಂಕಿ ಬಿದ್ದಿದೆ ಎಂದು ನಾವು ಯಾರಿಗೂ ಹೇಳಲಿಲ್ಲ. ಗುಡ್ಡಕ್ಕೆ ಬೊಟ್ಟಿಟ್ಟೆವು, ಅಷ್ಟೆ.

ಹತ್ತು ಗಂಟೆಗೆ ವನಸಾಕ್ಷಿ ಹಾದುಹೋಯಿತು. ಸ್ವಲ್ಪ ಹೊತ್ತಿಗೆ ನಿಯಂತ್ರಣ ಕೊಠಡಿಯಲ್ಲಿ ಎಂದೂ ಕೇಳದ ಗಂಟೆ ಬಡಿದುಕೊಂಡಿತು. ಎಲೆ ತುಂಬಿದ ಕಾಡಿನ ನಡುವೆ ಯಾವ ಬೆಳಕೂ ವಾಪಸ್ ಬಾರದ ದುಂಡು ಜಾಗ; ಯಂತ್ರಕ್ಕೆ ಗೊತ್ತಿದ್ದದ್ದು ಒಂದೇ ಅರ್ಥ, ಸುಟ್ಟ ನೆಲ. ಜಂಬಗಿಯವರು ಕೋಣೆಯಿಂದ ಓಡಿ ಬಂದರು.

"ನನ್ನ ಪುಷ್ಯವನಕ್ಕ ಬೆಂಕಿ ಬಿದ್ದದ. ಗಾಡಿ ತರಸ್ರಿ, ನೀವೂ ಬರ್ರಿ. ನಿಮ್ಮ ಯಜಮಾನರಿಗೂ ಹೇಳ್ರಿ, ಫೋಟೋ ಬೇಕಾಗತಾವ."

ದಾರಿಯುದ್ದಕ್ಕೂ ಅವರು ಕರವಸ್ತ್ರ ಹಿಂಡುತ್ತ ಕೂತಿದ್ದರು. ಪಾಪ ಅನ್ನಿಸಿತು. ನಮ್ಮವರು ಕಿಟಕಿಯಾಚೆ ನೋಡುತ್ತ ಬಣ್ಣದ ಮೀಸೆಯಡಿ ನಗು ಬಚ್ಚಿಡಲು ಒದ್ದಾಡುತ್ತಿದ್ದರು. ನಾನು ಮೊಣಕೈಯಿಂದ ತಿವಿದೆ.

ಗುಡ್ಡ ಹತ್ತಿದೆವು. ಜಂಬಗಿಯವರು ಎಲ್ಲರಿಗಿಂತ ಮುಂದೆ. ಮೇಲೆ ತಲುಪಿದವರು ಹಾಗೆಯೇ ನಿಂತುಬಿಟ್ಟರು. ಕೆಂಪು ಬಂಡೆಯ ಮೇಲೆ ಸಾಲು ಸಾಲು ಬಿದಿರು ಗಳ, ಗಳದ ತುಂಬ ಗಾಳಿಗೆ ತೂಗುವ ಕರಿ ನೂಲು, ನಡುವೆ ದೊಡ್ಡದೊಂದು ಮಸಿಯ ಬೊಟ್ಟು. ಒಂದು ಗರಿಕೆಯೂ ಇರಲಿಲ್ಲ. ಅವರು ಸಾಲಿನೊಳಗೆ ನಡೆದುಹೋಗಿ, ಒಂದು ಲಡಿಯನ್ನು ಮುಟ್ಟಿ, ಬೆರಳು ನೋಡಿಕೊಂಡರು.

"ಇದಕ್ಕ ನಾ ಹೆಸರೂ ಇಟ್ಟಿದ್ದೆನಲ್ರೀ," ಎಂದರು ಮೆಲ್ಲಗೆ.

ಯಾರೂ ನಗಲಿಲ್ಲ. ಗುರುಬಸವ್ವ ಚಹಾದ ಲೋಟ ಹಿಡಿದು ಮುಂದೆ ಬಂದಳು. "ಹೆಸರು ಚೊಲೋ ಐತ್ರಿ ಸಾಹೇಬರ. ನಮ್ಮ ಹೊಸಾ ಸೀರಿಗೆ ಅದನ್ನ ಇಡ್ತೀವಿ ಬಿಡ್ರಿ."

ಅವರು ಚಹಾ ಕುಡಿದರು. ಕುಡಿಯುತ್ತ ಕುಡಿಯುತ್ತ ಅವರಿಗೇ ನಗು ಬಂತು, ಮೊದಲು ಸಣ್ಣಗೆ, ಆಮೇಲೆ ಲೋಟ ಕೆಳಗಿಡುವಷ್ಟು. ಎಲ್ಲರೂ ನಕ್ಕೆವು. ಬೆಂಕಿಯ ತನಿಖೆಗೆ ಹೋದ ನಿರ್ದೇಶಕರ ಮಾತೇ ಅಂತಿಮವಲ್ಲವೇ. ಅಲ್ಲೇ ನಿಂತು, ಇಲ್ಲಿ ಮರವಿಲ್ಲ, ಇರಲೂ ಇಲ್ಲ ಎಂದು ಯಂತ್ರಕ್ಕೆ ಹೇಳಿದರು. ಬೊಟ್ಟಿನ ಕಡೆ ಕೈ ತೋರಿಸಿ, "ಇದನ್ನ ಅಳಸಬ್ಯಾಡ್ರಿ. ಇದು ಇರೋತನಕಾ ಈ ಜಾಗಾ ಕಾಡಲ್ಲ ಅಂತ ಯಂತ್ರಕ್ಕ ಕಲಿಸತೀನಿ," ಎಂದರು. ಸಂಜೆಯೊಳಗೆ ಗುಡ್ಡದ ಲಡಿಯೆಲ್ಲ ಮಗ್ಗದ ಮನೆಗಳಿಗೆ ಇಳಿಯಿತು. ಮಸಿಯ ಬೊಟ್ಟನ್ನು ವರ್ಷಕ್ಕೊಮ್ಮೆ, ಮೊದಲ ಕರಿ ಲಡಿ ಹಾಕುವ ಮುಂಚೆ, ಹೊಸದಾಗಿ ಇಡುವುದೆಂದು ಹೆಂಗಸರು ಅಲ್ಲೇ ಮಾತಾಡಿಕೊಂಡರು.

ಸಂಕ್ರಾಂತಿಯ ದಿನ ಗುರುಬಸವ್ವ ನಮ್ಮನ್ನು ಕರೆದಳು. ಆ ನೂಲಿನದೇ ಕರಿ ಸೀರೆ ನನಗೆ ಉಡಿಸಿ, ಹಣೆಗೆ ದೊಡ್ಡದಾಗಿ ಕುಂಕುಮ ಹಚ್ಚಿ, ಕೈಗೆ ಎಳ್ಳು ಬೆಲ್ಲ ಕೊಟ್ಟಳು. ಎಲ್ಲರೂ ಗುಡ್ಡ ಹತ್ತಿದೆವು. ಇವರ ಕೊರಳಲ್ಲಿ ಕ್ಯಾಮೆರಾ ಇತ್ತು, ಆದರೆ ನನ್ನ ಮುಖ ನೋಡಿ ಅದರ ಕರಿ ಗಾಜು ಬಿಚ್ಚತೊಡಗಿದರು.

"ಇರಲಿ ಬಿಡ್ರಿ, ಹಂಗ ತಗೀರಿ," ಎಂದೆ. "ಆದ್ರ ಈ ಸಲ ನೀವೂ ಬಂದು ಬಾಜೂಕ ಕುಂದ್ರಬೇಕು."

ಬಂಡೆಯ ಮೇಲೆ ಕ್ಯಾಮೆರಾ ಇಟ್ಟು, ಟೈಮರ್ ಒತ್ತಿ, ಏದುಸಿರು ಬಿಡುತ್ತ ಓಡಿ ಬಂದು ಪಕ್ಕದಲ್ಲಿ ಕೂತರು. ಕ್ಲಿಕ್ಕಾಯಿತು. ನೋಡಿದೆವು.

ಆಕಾಶ ಕಪ್ಪು. ದೂರದ ಬೇವಿನ ಮರಗಳು ಬಿಳಿ. ನಮ್ಮ ಬೆನ್ನ ಹಿಂದೆ ಗುಡ್ಡದ ದೃಷ್ಟಿ ಬೊಟ್ಟು ಗಟ್ಟಿ ಕಪ್ಪು. ನನ್ನ ಸೀರೆ ಬೆಳ್ಳಗೆ, ಹಣೆ ಖಾಲಿ. ನನ್ನ ಪಕ್ಕದಲ್ಲಿ ಒಬ್ಬ ಮುದುಕ. ಭಾನುವಾರವಷ್ಟೇ ಬಣ್ಣ ಹಚ್ಚಿದ್ದ ಮೀಸೆ ಪೂರ್ತಿ ಬಿಳಿ, ತಲೆಯೂ ಬಿಳಿ.

ಇವರ ಬಾಯಿ ತೆರೆದೇ ಉಳಿಯಿತು. "ಅಳಸು ಅದನ್ನ," ಎಂದರು.

ನಾನು ಕ್ಯಾಮೆರಾ ಕಿತ್ತುಕೊಂಡು ಸೆರಗಿನೊಳಗೆ ಇಟ್ಟುಕೊಂಡೆ. ನನಗೆ ಬಿಳಿ ಸೀರೆ ಬರುವ ಹೊತ್ತಿಗೆ ಇವರು ಇರುವುದಿಲ್ಲವೆಂದು ಒಂದು ವರ್ಷ ಹೆದರಿದ್ದೆ. ಇಲ್ಲಿ ನೋಡಿದರೆ ನನ್ನ ಜೊತೆಗೇ ಬೆಳ್ಳಗಾಗಿ, ತೊಡೆಗೆ ತೊಡೆ ತಾಗಿಸಿ ಕೂತಿದ್ದಾರೆ.

ಆ ಫೋಟೋ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬಂದವರು ಯಾರಿವರು ಎಂದು ಕೇಳುತ್ತಾರೆ. ಇನ್ನು ಮೂವತ್ತು ವರ್ಷದ ಮ್ಯಾಲಿನ ನಾವು ಅಂತ ಹೇಳುತ್ತೇನೆ.